ಒಡೆಯುವವಳು, ಗುಣಿಸುವವಳು

ಯಲಹಂಕದ ಸಂತೆಯಿಂದ ತಂದ ಹುಣಸೆಹಣ್ಣನ್ನು ಇವತ್ತು ಬೆಳಿಗ್ಗೆ ಬಿಡಿಸುತ್ತ ಕೂತಿದ್ದೆ. ಆ ಹುಳಿ ವಾಸನೆ, ಬೆರಳಿಗೆ ಅಂಟುವ ಬೀಜ... ನನಗೇ ಗೊತ್ತಿಲ್ಲದೆ ಕೈ ಬೀಜಗಳನ್ನು ಸಾಲುಸಾಲಾಗಿ ಜೋಡಿಸತೊಡಗಿತ್ತು. ಅಕ್ಕೋರು ಹಚ್ಚಿದ ಅಭ್ಯಾಸ, ಎಲ್ಲಿ ಹೋಗುತ್ತೆ.

ಅಕ್ಕೋರು ಅಂದರೆ ಅಲ್ಲಾಳಸಂದ್ರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಟ್ಯೂಷನ್ ಟೀಚರು. ಧಾರವಾಡದ ಕಡೆಯವರು. ಮಿಸ್ ಅಂದರೆ ಆಗುತ್ತಿರಲಿಲ್ಲ, ತಮ್ಮೂರಿನ ಹಾಗೆ ಅಕ್ಕೋರೇ ಅನ್ನಬೇಕು. ಲೆಕ್ಕ ಕಲಿಸಲು ಹುಣಸೆಬೀಜ ಕೊಟ್ಟು ಸಾಲಾಗಿ ಜೋಡಿಸಿ ಅನ್ನುತ್ತಿದ್ದರು. ಹನ್ನೆರಡು ಕೊಟ್ಟರೆ ಸಮನಾದ ಸಾಲುಗಳಾಗುತ್ತಿದ್ದವು. ಹದಿಮೂರು ಕೊಟ್ಟರೆ ಏನು ತಿಪ್ಪರಲಾಗ ಹಾಕಿದರೂ ಒಂದೇ ಉದ್ದ ಸಾಲು. ಇಂಥ ಸಂಖ್ಯೆಗೆ ಏನನ್ನುತ್ತಾರೆ ಎಂದು ಕೇಳಿದಾಗ ನಾನು ಎದ್ದು ನಿಂತು "ಅವಿಭಕ್ತ ಸಂಖ್ಯೆ" ಅಂದುಬಿಟ್ಟೆ. ಎಲ್ಲರೂ ನಕ್ಕರು. ಅವಿಭಾಜ್ಯ ಅನ್ನಬೇಕಿತ್ತು. ಆದರೆ ನಮ್ಮನೆಯಲ್ಲಿ ಆಗ ಬೆಳಗಾದರೆ ಅವಿಭಕ್ತ ಕುಟುಂಬ, ಅದರ ಪಾಲು, ಅದರ ಜಗಳ... ನಾಲಿಗೆಗೆ ಅದೇ ಬಂತು. ಅಕ್ಕೋರು ನಗಲಿಲ್ಲ.

ಆ ವರ್ಷವೇ ಮನೆ ಎರಡಾಯಿತು. ಅಂಗಳದ ನಡುವೆ ಗೋಡೆ ಎದ್ದಿತು. ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ದೊಡ್ಡಪ್ಪನ ಮಗಳು, ನನ್ನ ಅಕ್ಕ, ಅವಳೊಂದಿಗೆ ಮಾತಾಡಕೂಡದು ಎಂದರು ಅಪ್ಪ. ಆ ಕಡೆಯೂ ಅದೇ ಅಪ್ಪಣೆ.

ವಿಷಯ ಅಕ್ಕೋರ ಕಿವಿಗೆ ಬಿದ್ದಿರಬೇಕು. ಟ್ಯೂಷನ್ನಿನಲ್ಲಿ ದೂರ ದೂರ ಕೂತಿದ್ದ ನಮ್ಮಿಬ್ಬರನ್ನೂ ಕರೆದು ಒಂದೇ ಸ್ಲೇಟಿನ ಮುಂದೆ ಕೂರಿಸಿದರು.

"ಒಬ್ಬಾಕಿ ಒಡೀಬೇಕು, ಇನ್ನೊಬ್ಬಾಕಿ ಗುಣಿಸಿ ನೋಡಬೇಕು. ಬಾಯಿ ಮುಚ್ಕೊಂಡು ಕುಂತ್ರ ಲೆಕ್ಕ ಆಗಂಗಿಲ್ಲ."

ಅರವತ್ತನ್ನು ನಾನು ಒಡೆಯುತ್ತಿದ್ದೆ: ಎರಡು, ಎರಡು, ಮೂರು, ಐದು. ಅಕ್ಕ ಗುಣಿಸಿ ಮತ್ತೆ ಅರವತ್ತು ಮಾಡುತ್ತಿದ್ದಳು, ಅಕ್ಕೋರು ಸರಿ ಅನ್ನುತ್ತಿದ್ದರು. ಆರು ಹತ್ತಲ ಎಂದು ಶುರು ಮಾಡಿದರೂ, ನಾಲ್ಕು ಹದಿನೈದಲ ಎಂದರೂ ಕೊನೆಗೆ ಉಳಿಯುವುದು ಅವೇ. ತೊಂಬತ್ತೊಂದು ಮಾತ್ರ ಒಡೆಯೋದೇ ಇಲ್ಲ ಎಂದು ನಾನು ಹಟ ಹಿಡಿದಾಗ, ಏಳರಿಂದ ಭಾಗಿಸೇ ಎಂದು ಅಕ್ಕ ತೊಡೆ ಚಿವುಟಿದ್ದಳು. ಎಷ್ಟು ದಿನಗಳ ಮೇಲೆ ನಕ್ಕಿದ್ದೆವೋ...

ಅಪ್ಪ, ದೊಡ್ಡಪ್ಪ ಕೊನೆಯವರೆಗೂ ಮಾತಾಡಲಿಲ್ಲ. ನಾವು ಮಾತು ಬಿಡಲಿಲ್ಲ. ಅಕ್ಕೋರು ಆಮೇಲೆ ಊರಿಗೆ ಹೊರಟುಹೋದರು. ಹೋದ ವಾರ ಹೆಬ್ಬಾಳದಿಂದ ಅಕ್ಕ ಫೋನ್ ಮಾಡಿ, ಅಕ್ಕೋರು ತೀರಿಕೊಂಡರಂತೆ ಅಂದಳು.

ಇವತ್ತು ಬೀಜಗಳನ್ನು ಹಾಗೇ ಬಿಟ್ಟು ಅಕ್ಕನಿಗೆ ಫೋನ್ ಹಚ್ಚಿದೆ. ಹಲೋ ಕೂಡ ಅನ್ನದೆ "ಏಳು, ಹದಿಮೂರು" ಅಂದೆ.

ಆ ಕಡೆಯಿಂದ "ತೊಂಬತ್ತೊಂದು ಕಣೇ" ಅಂದಳು, ಅಳುತ್ತ.

ಸರಿ ಅನ್ನಲು ಅಕ್ಕೋರಿರಲಿಲ್ಲ.