ಕೋಟಿನ ತೋಳು

ಶನಿವಾರ, ಮಧ್ಯಾಹ್ನ ಒಂದು ಗಂಟೆ. ಲಂಡನ್ನಿನ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿನಲ್ಲಿ ಇದ್ದವರು ನಾನು ಮತ್ತು ಧಾರವಾಡದ ಗಂಡ-ಹೆಂಡತಿ. ನಮ್ಮ ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. ತಿಂಗಳಿಗೊಮ್ಮೆ ನಾವು ನಾಲ್ವರೂ ಕೂಡಿ ಮಾಡುತ್ತಿದ್ದ ಈ ಊಟ ಅವರಿಲ್ಲದೆ ನಡೆದದ್ದು ಅದೇ ಮೊದಲು. ಅದು ನಿಲ್ಲಬಾರದು, ಬೇರೆ ಮನೆಗೂ ಹೋಗಬಾರದು ಎಂಬುದಷ್ಟೇ ನನಗೆ ಬೇಕಾಗಿತ್ತು. ಉಳಿದಂತೆ ಏನೂ ಅನ್ನಿಸುತ್ತಿರಲಿಲ್ಲ.

ನಮ್ಮ ಮೇಜಿಗೊಂದು ನಿಯಮವಿತ್ತು. ಕಾಯಿಲೆಯ ಮಾತು, ಮನೆ ರಿಪೇರಿಯ ಮಾತು ಬೇಡ. ಒಂದು ಪುಸ್ತಕ, ಒಂದು ಸಿನಿಮಾ, ಒಂದು ಅಡುಗೆ, ಒಂದು ಉಡುಪು, ಇಷ್ಟೇ. ಮಾತು ಯಜಮಾನರದು, ಬಡಿಸುವುದು ನನ್ನದು. ಈಗ ಎರಡೂ ನನ್ನದೇ ಆದ್ದರಿಂದ ನಾಲ್ಕನ್ನೂ ಚೀಟಿಯಲ್ಲಿ ಬರೆದು ಉಪ್ಪಿನಕಾಯಿ ಜಾಡಿಗೆ ಒರಗಿಸಿದ್ದೆ.

"ಈ ತಿಂಗಳು ಯಾವ ಪುಸ್ತಕ ಓದಿದಿರಿ?"

"ಒಂದು ಕಾದಂಬರಿ ಅರ್ಧಾ ಓದೀನ್ರಿ ಅಕ್ಕಾರ," ಎಂದರು ಹೆಂಡತಿ. "ನಾಯಕಿ ಅಳೂದು ನಿಲ್ಲಿಸಲಿಲ್ಲ, ನಾನು ಓದೂದು ನಿಲ್ಲಿಸಿದೆ."

"ಸರಿ. ಸಿನಿಮಾ?"

"ಹೋಗಿದ್ವಿ. ಇವರು ಗೊರಕಿ ಹೊಡದ್ರು."

"ಸರಿ. ಅಡುಗೆ?"

ಗಂಡ ಚಮಚ ಕೆಳಗಿಟ್ಟರು. "ಏನ್ರೀ ಅಕ್ಕಾರ, ಹಾಜರಿ ತಗೋಳಾಕತ್ತೀರೇನು? ಬಿಸಿಬ್ಯಾಳಿ ಭಾತ್ ಛಲೋ ಆಗೇದ. ನಮ್ಮನ್ನ ಪಾಸ್ ಮಾಡಿಬಿಡ್ರಿ."

ಇಬ್ಬರೂ ನಕ್ಕರು. ನಗಬೇಕೆಂದು ತಿಳಿದು ನಾನೂ ನಕ್ಕೆ. ಹನ್ನೆರಡು ನಿಮಿಷದಲ್ಲಿ ಮೂರು ವಿಷಯ ಮುಗಿದಿದ್ದವು. ಯಜಮಾನರಿದ್ದಾಗ ಪುಸ್ತಕವೊಂದೇ ಪಾಯಸದವರೆಗೆ ಬರುತ್ತಿತ್ತು.

ಹೆಂಡತಿ ಮೆಲ್ಲಗೆ ಹೇಳಿದರು: "ಮುಂದಿನ ತಿಂಗಳಿಂದ ನಮ್ಮ ಮನ್ಯಾಗ ಮಾಡೋಣೇನ್ರಿ? ನಿಮಗೂ ಕೆಲಸ ಕಡಿಮಿ ಆಗ್ತದ."

ಚೀಟಿ ನೋಡಿದೆ.

"ಉಡುಪು ಇನ್ನೂ ಉಳಿದಿದೆ," ಎಂದೆ.

ಗಂಡ ತಮ್ಮ ಕುರ್ಚಿಗೆ ನೇತುಹಾಕಿದ್ದ ಬೂದು ಕೋಟು ನಮ್ಮ ಯಜಮಾನರದು. ಹೋದ ತಿಂಗಳು ಬೀರು ಖಾಲಿ ಮಾಡಿದ ದಿನ ನಾನೇ ಕೊಟ್ಟಿದ್ದೆ.

"ಎದ್ದು ನಿಂತು ಹಾಕಿಕೊಳ್ಳಿ."

ಹಾಕಿಕೊಂಡರು. ತೋಳು ಬೆರಳ ತುದಿಯವರೆಗೆ ಬಂತು.

"ನೋಡ್ರಿ, ಇವರಿಗೆ ಕೈನ ಇಲ್ಲ!" ಎಂದರು ಹೆಂಡತಿ.

"ಎರಡು ಇಂಚು ಒಳಗೆ ಮಡಿಸಿ ಹೊಲಿಯಬೇಕು. ಇಲ್ಲೇ ಬಿಟ್ಟುಹೋಗಿ," ಎಂದೆ.

ಅವರು ಹೆಂಡತಿಯ ಮುಖ ನೋಡಿ, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಕಾರಿನ್ಯಾಗ ಹೋಗೋರು, ಥಂಡಿ ಏನ್ ಮಾಡ್ತದ. ಮುಂದಿನ ತಿಂಗಳ ಇಲ್ಲೇ ಊಟಕ್ಕ ಬಂದಾಗ ಒಯ್ತೀನ್ರಿ. ಪಾಯಸ ಮಾತ್ರ ಮಾಡಿರ್ಬೇಕು."

ಮೂರಕ್ಕೆ ಹೊರಟರು. ಪಾತ್ರೆ ತೊಳೆದೆ, ಮೇಜು ಒರೆಸಿದೆ, ಚೀಟಿಯನ್ನು ಡ್ರಾಯರಿನಲ್ಲಿಟ್ಟೆ. ಆಮೇಲೆ ಬಲತೋಳು ಹೊಲಿದೆ, ಎಡತೋಳು ಹೊಲಿದೆ. ಐದೂವರೆಗೆ ದಾರ ಕತ್ತರಿಸಿ, ಕೋಟನ್ನು ಬಾಗಿಲ ಹಿಂದಿನ ಅದರ ಹಳೆಯ ಕೊಕ್ಕೆಗೆ ನೇತುಹಾಕಿದೆ.