ಕ್ಯಾಮೆರಾ ಕಾವಲು

ಕುಕನೂರಿನಾಚೆಯ ಕುರುಚಲು ಗುಡ್ಡದಲ್ಲಿ ತೋಳಗಳನ್ನು ಉಳಿಸುವ ಯೋಜನೆಯೊಂದು ನಡೆದಿತ್ತು. ಅದು ಫಲ ಕೊಟ್ಟಿದೆಯೋ ಇಲ್ಲವೋ ನೋಡಿ ಹೇಳುವುದು ನನ್ನ ಕೆಲಸ. ತೋಳದ ಒಂದಾದರೂ ಫೋಟೊ ಸಿಕ್ಕರೆ ಯೋಜನೆ ಮುಂದುವರಿಯುತ್ತದೆ, ಇಲ್ಲವಾದರೆ ಮುಚ್ಚಿಹೋಗುತ್ತದೆ. ತೋಳ ಓಡಾಡುವ ಹಾದಿಯ ಜಾಲಿಮರಕ್ಕೆ, ಎದುರು ಏನು ಸುಳಿದರೂ ತಾನೇ ಫೋಟೊ ಹೊಡೆಯುವ ಕ್ಯಾಮೆರಾ ಕಟ್ಟಿದೆ. ಅಲ್ಲೇ ಸನಿಹದಲ್ಲಿ ಕುರಿಹಟ್ಟಿ ಹಾಕಿದ್ದ ಯಮನಪ್ಪನಿಗೆ, "ಭಾಳ ತುಟ್ಟಿ ಸಾಮಾನರಿ, ಸ್ವಲ್ಪ ಜ್ವಾಕಿ ಮಾಡ್ರಿ," ಎಂದು ಕೈಮುಗಿದು ಬಂದೆ.

ವಾರ ಬಿಟ್ಟು ಹೋಗಿ ತೆಗೆದು ನೋಡಿದರೆ ಬರೀ ನಾಯಿ. ನಿಂತ ನಾಯಿ, ಮಲಗಿದ ನಾಯಿ, ಆಕಳಿಸುವ ನಾಯಿ.

"ಇದ್ಯಾರ ನಾಯಿರಿ, ಯಮನಪ್ಪ?"

"ನಮ್ದರೀ ಸರ. ನೀವು ಜ್ವಾಕಿ ಅಂದ್ರಲ್ಲ, ಅದ ಗಿಡಕ್ಕ ಕಟ್ಟಿದ್ನಿ. ಒಬ್ಬರೂ ಮುಟ್ಟಿಲ್ಲ ನೋಡ್ರಿ."

"ಮತ್ತ ತೋಳ? ಬರಲೇ ಇಲ್ಲೇನು?"

"ಬರಲಾರದ ಏನ್ರಿ, ಎರಡ ಸಲ ಬಂದಿತ್ತು," ಎಂದು ಎದೆಯುಬ್ಬಿಸಿದ. "ನಮ್ಮ ನಾಯಿ ಕ್ಯಾಮೆರಾದ ಹತ್ರ ಸುಳಿಯಾಕ ಬಿಟ್ಟಿಲ್ರಿ."

ಬೈಯಲು ತೆರೆದ ಬಾಯಿಗೆ ಅವನ ಹೆಂಡತಿ ಕೊಟ್ಟ ಚಹಾ ಸುರಿದುಕೊಂಡೆ. ವರದಿಯಲ್ಲಿ ಸ್ಥಳೀಯರ ಸಹಕಾರ ಅತ್ಯುತ್ತಮ ಎಂದು ಬರೆದೆ. ತೋಳದ ಮಾತು ಬಿಡಿ, ಆ ಗುಡ್ಡದಲ್ಲಿ ಕ್ಯಾಮೆರಾದ ಸಂರಕ್ಷಣೆಯಂತೂ ನೂರಕ್ಕೆ ನೂರು ಯಶಸ್ವಿಯಾಗಿದೆ.