ದರ್ಶನಕ್ಕಿಟ್ಟ ಪ್ರೋಟೀನು

ಇವತ್ತು ಬೆಳಗ್ಗೆ ಕೊರಿಯರ್‌ನವನು ತಂದಿಟ್ಟ ಥರ್ಮೊಕೋಲ್ ಡಬ್ಬಿಯ ಮುಚ್ಚಳ ತೆಗೆದಾಗ ಡ್ರೈ ಐಸಿನ ಬಿಳಿ ಹೊಗೆ ಮೇಜಿನ ಅಂಚಿನಿಂದ ಕೆಳಕ್ಕಿಳಿಯಿತು. ಇಂಥ ಹೊಗೆಯನ್ನು ನೀವು ಆರತಕ್ಷತೆಯ ವೇದಿಕೆಗಳಲ್ಲಿ ನೋಡಿರುತ್ತೀರಿ. ನನಗೆ ಮಾತ್ರ ಅದನ್ನು ಕಂಡರೆ ನನ್ನ ಗೈಡ್ ಮೇಡಂ ನೆನಪಾಗುತ್ತಾರೆ, ಹಲ್ಲು ಕಡಿಯುವಂತಾಗುತ್ತದೆ.

ಎರಡು ಸಾವಿರದ ಐದಾರರ ಮಾತು. ನಾಗರಬಾವಿಯ ಬಾಡಿಗೆ ರೂಮಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ರಾಜಾಜಿನಗರದ ಒಂದು ಕಾಲೇಜಿಗೆ ಹೋಗಿ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ ಹಾಗಲಕಾಯಿ. ನಗಬೇಡಿ. ಸಕ್ಕರೆ ಕಾಯಿಲೆಯವರು ಮುಖ ಹಿಂಡಿಕೊಂಡು ಕುಡಿಯುವ ಆ ರಸದಲ್ಲಿ ಇನ್ಸುಲಿನ್‌ನಂತೆ ಕೆಲಸ ಮಾಡುವುದು ಏನಾದರೂ ಇದೆಯೇ ಎಂದು ಪತ್ತೆ ಮಾಡಬೇಕಿತ್ತು. ನಮ್ಮ ಜೀವಕೋಶಗಳ ಮೈಮೇಲೆ ಇನ್ಸುಲಿನ್ನಿನ ಗುರುತು ಹಿಡಿದು ಅಂಟಿಸಿಕೊಳ್ಳುವ ಒಂದು ಪ್ರೋಟೀನು ಇರುತ್ತದೆ, ರಿಸೆಪ್ಟರ್ ಅಂತ. ಅದರ ಜೀನನ್ನು ಹುಳುವಿನ ಜೀವಕೋಶಕ್ಕೆ ಸೇರಿಸಿ, ಮನುಷ್ಯನ ಪ್ರೋಟೀನನ್ನು ಹುಳುವಿನ ಕೈಯಲ್ಲಿ ಮಾಡಿಸಿ, ವಿದೇಶದ ಕಂಪನಿಗಳು ಮಾರುತ್ತವೆ. ನನ್ನ ಕೊನೆಯ ಅಧ್ಯಾಯ ಪೂರ್ತಿ ಅದನ್ನೇ ನಂಬಿ ಕೂತಿತ್ತು. ಮಾರ್ಚಿಗೆ ಫೆಲೋಶಿಪ್ ಮುಗಿಯುತ್ತಿತ್ತು.

ಅಂತೂ ಆ ಪ್ರೋಟೀನು ಇಂಥದೇ ಹೊಗೆಯ ನಡುವೆ ಬಂತು. ಪುಟ್ಟ ಟ್ಯೂಬು, ತಳದಲ್ಲಿ ಹೆಪ್ಪುಗಟ್ಟಿದ ಒಂದು ತೊಟ್ಟು. ಬಂದ ದಿನವೇ ಸಣ್ಣ ಸಣ್ಣ ಪಾಲು ಮಾಡಿಡಿ, ಪದೇ ಪದೇ ಕರಗಿಸಿದರೆ ಕೆಡುತ್ತದೆ ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಮೇಡಂ ಓದಿ ಮಡಚಿಟ್ಟರು.

“ಅದೆಲ್ಲ ಅವರ ದೇಶದೋರಿಗೆ ಕಣೇ. ನಮಗೆ ಸಿಕ್ಕಿರೋದು ಒಂದೇ ಒಂದು. ಮೊದ್ಲು ನಾಲ್ಕು ಜನ ನೋಡ್ಲಿ.”

ನೋಡಿದರು. ಪ್ರಿನ್ಸಿಪಾಲರು ನೋಡಿದರು, ಟ್ರಸ್ಟಿಗಳು ನೋಡಿದರು, ಮಗಳ ಮದುವೆಗೆ ಕರೆಯಲು ಬಂದ ಮೇಡಂ ಸೋದರತ್ತೆಯೂ ನೋಡಿ ಇದು ಯಾವ ನೋವಿಗೆ ಎಂದು ಕೇಳಿದರು. ಪ್ರತಿ ಸಲವೂ ಟ್ಯೂಬು ಡೀಪ್ ಫ್ರೀಜರಿನಿಂದ ಹೊರಬರುತ್ತಿತ್ತು, ಅಂಗೈಯಿಂದ ಅಂಗೈಗೆ ಹೋಗಿ ಕರಗುತ್ತಿತ್ತು, ಮತ್ತೆ ಒಳಗೆ ಹೋಗಿ ಹೆಪ್ಪುಗಟ್ಟುತ್ತಿತ್ತು. ಆಯುಧಪೂಜೆಯ ದಿನ ಅದರ ಮುಚ್ಚಳಕ್ಕೆ ಕುಂಕುಮವೂ ಬಿತ್ತು. ನಾನು ಕೇಳಿದಾಗಲೆಲ್ಲ ಮೇಡಂ ತಾಳು ಎನ್ನುತ್ತಿದ್ದರು, ನಾನು ಸರಿ ಮೇಡಂ ಎನ್ನುತ್ತಿದ್ದೆ.

ಒಮ್ಮೆ ಬಸವೇಶ್ವರನಗರದ ಅವರ ಮನೆಗೆ ಹೋಗಿದ್ದೆ. ನಡುಮನೆಯ ಶೋಕೇಸಿನಲ್ಲಿ ಹೂವಿನ ಚಿತ್ರದ ಪಿಂಗಾಣಿ ಕಪ್ಪುಗಳು ಸಾಲಾಗಿದ್ದವು, ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ನನಗೆ ಕಾಫಿ ಬಂದದ್ದು ಸ್ಟೀಲ್ ಲೋಟದಲ್ಲಿ. ನನ್ನ ರಿಸೆಪ್ಟರಿನ ಹಣೆಬರಹ ನನಗೆ ಅರ್ಥವಾದದ್ದು ಅಲ್ಲೇ.

ಫೆಬ್ರವರಿಯಲ್ಲಿ ನೋಡುವವರೆಲ್ಲ ಮುಗಿದ ಮೇಲೆ ಟ್ಯೂಬು ನನ್ನ ಕೈಗೆ ಬಂತು. ಹಾಗಲಕಾಯಿಯ ಮಾತು ಹಾಗಿರಲಿ, ಅದು ಇನ್ಸುಲಿನ್ನನ್ನೇ ಗುರುತಿಸಲಿಲ್ಲ. ಹುಟ್ಟಿದ್ದೇ ಒಂದು ಗುರುತು ಹಿಡಿಯುವುದಕ್ಕೆ, ಕಾಲೇಜಿನ ಗಣ್ಯರನ್ನೆಲ್ಲ ಭೇಟಿಯಾಗುವಷ್ಟರಲ್ಲಿ ಅದನ್ನೂ ಮರೆತಿತ್ತು. ಇನ್ನೊಂದು ತರಿಸಲು ದುಡ್ಡೂ ಇಲ್ಲ, ಸಮಯವೂ ಇಲ್ಲ. ಮೆಟ್ಟಿಲ ಮೇಲೆ ಕೂತು ನಾಚಿಕೆ ಬಿಟ್ಟು ಅತ್ತೆ. ಮೇಡಂ ಬಂದು ಪಕ್ಕದಲ್ಲಿ ನಿಂತರು.

“ಅಳೋದೇನು ಬಂತು? ಪದೇ ಪದೇ ಕರಗಿಸಿದ್ರೆ ರಿಸೆಪ್ಟರ್ ಏನಾಗುತ್ತೆ ಅಂತ ಬರಿ. ಅದೂ ರಿಸಲ್ಟೇ.”

ಬರೆದೆ. ಇಷ್ಟು ದುಬಾರಿ ವಸ್ತುವಿನ ಮೇಲೆ ಇಂಥ ಪ್ರಯೋಗ ಮಾಡುವ ಧೈರ್ಯ ಯಾರಿಗೂ ಬಂದಿರಲಿಲ್ಲ ಎಂದು ಪರೀಕ್ಷಕರು ಮೆಚ್ಚಿಕೊಂಡರು. ನಾನು ಡಾಕ್ಟರ್ ಆದೆ. ಹಾಗಲಕಾಯಿಯಲ್ಲಿ ಏನಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಪಾರ್ಕಿನಲ್ಲಿ ಯಾರಾದರೂ ಆ ರಸ ಕುಡಿಯುವುದನ್ನು ಕಂಡರೆ ಈಗಲೂ ಬೇರೆ ದಾರಿ ಹಿಡಿಯುತ್ತೇನೆ.

ಈಗ ನನಗೂ ಒಂದು ಪ್ರಯೋಗಾಲಯವಿದೆ, ನನ್ನ ಕೈಕೆಳಗೆ ಪಿಎಚ್‌ಡಿ ಮಾಡುವ ರೇಖಾ ಇದ್ದಾಳೆ. ಬೆಳಗಿನ ಡಬ್ಬಿ ಅವಳ ಪ್ರಯೋಗಕ್ಕೆಂದೇ ಬಂದದ್ದು. ಇವತ್ತೇ ಪಾಲು ಮಾಡಲೇ ಎಂದು ಕೇಳಿದಳು.

“ತಾಳು,” ಅಂದೆ. “ಸೋಮವಾರ ಇನ್‌ಸ್ಪೆಕ್ಷನ್ ಕಮಿಟಿಯೋರು ಬರ್ತಾರಲ್ಲ, ಅವರು ಒಂದ್ಸಲ ನೋಡ್ಲಿ.”

“ಸರಿ ಮೇಡಂ,” ಎಂದು ಹುಡುಗಿ ಮುಚ್ಚಳ ಹಾಕತೊಡಗಿದಳು.

ನಾನು ಆಗ ಹೇಳುತ್ತಿದ್ದದ್ದೂ ಇದೇ ಎರಡು ಮಾತು. ಡಬ್ಬಿ ಕಿತ್ತುಕೊಂಡು, ಟ್ಯೂಬು ತೆಗೆದು ಅವಳ ಮುಂದಿನ ಐಸಿನಲ್ಲಿ ಇಟ್ಟೆ. ಈಗಲೇ ಪಾಲು ಮಾಡು, ಯಾರು ಕೇಳಿದರೂ ಕೊಡಬೇಡ, ನಾನು ಕೇಳಿದರೂ ಕೊಡಬೇಡ ಎಂದೆ.

ಕಮಿಟಿಯವರಿಗಾಗಿ ಅಂಥದೇ ಟ್ಯೂಬಿಗೆ ನಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಅವರು ಎಷ್ಟು ಸಲ ಬೇಕಾದರೂ ಕರಗಿಸಲಿ.